ಒಂದು ಮೀಟರು ಚೌಕ

ಸಿಲ್ವರ್ ಮರದ ನಾಲ್ಕು ಪಟ್ಟಿ, ಮೂಲೆಗೊಂದು ಮೊಳೆ.
ನಮ್ಮ ಆಫೀಸು ಇಷ್ಟೇ.
ತಡಿಯಂಡಮೋಳಿನ ಹೆಗಲ ಮೇಲೆ
ಕಾಡು ಮುಗಿದು ಹುಲ್ಲು ಶುರುವಾಗುವಲ್ಲಿ
ತಿಂಗಳಿಗೊಮ್ಮೆ ಇದನ್ನು ನೆಲಕ್ಕೆ ಮಲಗಿಸಿ
ಒಳಗೆ ಬಿದ್ದದ್ದನ್ನು ಎಣಿಸುವುದು ಕೆಲಸ.
ಹೊರಗಿನದು ನಮ್ಮದಲ್ಲ.

ಹೂವಿಗೊಂದು ಖಾನೆ, ಹುಳಕ್ಕೊಂದು ಖಾನೆ,
ಷರಾ ಬರೆಯಲು ಬೆರಳಗಲ ಜಾಗ.
ಕುಡಿಯರ ಪೊನ್ನು ಹೇಳುತ್ತಾನೆ, ನಾನು ಬರೆಯುತ್ತೇನೆ.

ಕಕ್ಕಡದಲ್ಲಿ ಮಂಜು ಎಷ್ಟೆಂದರೆ
ಪೊನ್ನುವಿನ ದನಿ ಇದೆ, ಪೊನ್ನು ಇಲ್ಲ.
'ಕರ್ಣಕುಂಡಲ, ಹದಿನೇಳು.
ಅಂಗಿ ಗುಂಡಿಯಂಥ ಬಿಳಿ ಹೂ, ನೂರಾ... ಬಿಡಕ್ಕ,
ಬಹಳ ಅಂತ ಬರಿ.'
ಬಹಳ ಅಂದರೆ ಮಡಿಕೇರಿಯಲ್ಲಿ ಒಪ್ಪುವುದಿಲ್ಲ.
ನಾನೂರಾ ಹನ್ನೆರಡು.
ಹುಳ, ಸೊನ್ನೆ.
ನಮ್ಮ ಕಾಲ್ಬೆರಳ ಸಂದಿನ ಜಿಗಣೆ ಹುಳದ ಲೆಕ್ಕಕ್ಕಿಲ್ಲವಂತೆ,
ರಕ್ತ ಮಾತ್ರ ಫಾರಮ್ಮಿನ ಮೂಲೆಗೆ ತಾಗಿದೆ.

ಕೈಲ್ ಮುಹೂರ್ತದ ಮಾರನೇ ದಿನ,
ಕೋವಿಯ ಬಾಯಿಗೆ ಸಿಕ್ಕಿಸಿದ ತೋಕ್‌ಪೂ ಬಾಡುವ ಮೊದಲೇ
ಬೆಟ್ಟ ಹತ್ತಿದೆವು. ಬಿಸಿಲು!
ಹುಲ್ಲಿನ ತುದಿತುದಿಗೂ ಒಬ್ಬೊಬ್ಬ ಬಾಡಿಗೆದಾರ:
ಹಸುರು ಮಿಡತೆ, ಒಣಕಡ್ಡಿ ಮಿಡತೆ, ಒಂಟಿ ಮೀಸೆಯದೊಂದು,
ಹೊಸದಾಗಿ ಕಲಾಯಿ ಹಾಕಿಸಿಕೊಂಡ ಜೀರುಂಡೆ.
ಕಾಟಿಯ ಸಗಣಿಯನ್ನು ಗೋಲಿ ಮಾಡಿ
ಹಿಂಗಾಲಲ್ಲಿ ತಳ್ಳುತ್ತ ಬಂದ ಸಗಣಿಹುಳ
ಪಟ್ಟಿಗೆ ಡಿಕ್ಕಿ ಹೊಡೆದು, ತುಸು ಯೋಚಿಸಿ,
ಗೋಲಿಯನ್ನು ಹೊರಗೇ ಬಿಟ್ಟು ತಾನೊಂದೇ ಒಳಗಿಣುಕಿತು.
'ಅರ್ಧ ಬರಿ' ಅಂದ ಪೊನ್ನು.

ಒದ್ದೆ ಬಂಡೆಯ ಬದಿಗೆ ಉಗುರಿನಷ್ಟು ಕೆಂಪು ಗಿಡ.
ಎಲೆಗೂದಲ ತುದಿಗೆಲ್ಲ ಇಬ್ಬನಿ,
ಹತ್ತು ಗಂಟೆಯ ಬಿಸಿಲಿಗೂ ಆರದ ಇಬ್ಬನಿ.
ಅದರಲ್ಲೊಂದು ನೊರಜು. ಆರು ಕಾಲಲ್ಲಿ ನಾಲ್ಕು ಅಂಟಿ
ಉಳಿದೆರಡು ಗಾಳಿ ತುಳಿಯುತ್ತಿವೆ.
ಸಂಜೆ ಅಂಗಡಿಯ ಹಲಗೆ ಒಂದೊಂದೇ ಇಕ್ಕುವವರ ಹಾಗೆ
ಎಲೆ ಆತುರವಿಲ್ಲದೆ ಮಡಚುತ್ತಿದೆ.
ಮೇಲೆ, ಉದ್ದ ಕಡ್ಡಿಯ ತುದಿಯಲ್ಲಿ, ಅದೇ ಗಿಡದ ಬಿಳಿ ಹೂ
ಇನ್ನೊಂದು ಹುಳಕ್ಕಾಗಿ ಮರ್ಯಾದೆಯಿಂದ ಕಾಯುತ್ತಿದೆ.
ಇದನ್ನು ಹುಳದ ಖಾನೆಗೆ ಬರೆಯಲೋ
ನಾಳೆಯ ಹೂವಿಗೆ ಸೇರಿಸಲೋ?
ಪೊನ್ನು ಬೀಡಿ ಹಚ್ಚಲು ಹೋಗಿ, ಹುಲ್ಲು ನೆನಪಾಗಿ,
ಕಿವಿಗೆ ಸಿಕ್ಕಿಸಿಕೊಂಡ.
'ಸ್ವಲ್ಪ ಕಾಯುವ. ಅದೇ ತೀರ್ಮಾನ ಮಾಡಲಿ.'

ಮೂರನೇ ಸಾಲು ಮಾತ್ರ ಆರು ವರ್ಷದಿಂದ ಹಾಗೇ ಇದೆ.
ಕುರಿಂಜಿ. ಗಿಡ ಹನ್ನೊಂದು, ಹೂ ಸೊನ್ನೆ.
ಎಪ್ಪತ್ತೆರಡು ಸೊನ್ನೆ ಈ ಕೈಯಲ್ಲೇ ಬರೆದಿದ್ದೇನೆ,
ಒಂದೊಂದನ್ನೂ ಬಳೆಯಂತೆ ದುಂಡಗೆ.

ಕಕ್ಕಬ್ಬೆಯಲ್ಲಿ ಅವ್ವನಿಗೆ ತುಡುವೆಯ ಪೆಟ್ಟಿಗೆ ಇಪ್ಪತ್ತಿದ್ದವು.
ರೋಗ ಬಂದ ವರ್ಷ ಇಪ್ಪತ್ತೂ ಬರಿದು.
ಸತ್ತ ಹುಳ ಮೊರದಲ್ಲಿ ತುಂಬಿ ಚೆಲ್ಲಿ
ಪೆಟ್ಟಿಗೆಗೆ ಕಾಳುಮೆಣಸು ತುಂಬಿಸಿಟ್ಟಳು.
ಒಂದರ ಬಾಯಿಗೆ ಮಾತ್ರ ಮೇಣ ಸವರಿ ತೆರೆದೇ ಇಟ್ಟಳು,
ಕುರಿಂಜಿ ಬಂದರೆ ಅವೂ ಬರುತ್ತವೆ ಅಂತ.
ಕುರಿಂಜಿ ಬಂತು. ಬೆಟ್ಟ ಮೈತುಂಬ ನೀಲಿಯಾಯಿತು.
'ದಾರಿ ಮರೆತಿರಬೇಕು' ಅಂದಳು.
ಆಮೇಲೆ ಆ ಪೆಟ್ಟಿಗೆಗೂ ಮೆಣಸು ಬಿತ್ತು.

ಇವತ್ತು ಬಗ್ಗಿ ನೋಡಿದರೆ
ಏಳನೇ ಗಿಡದ ಗೆಣ್ಣಿನಲ್ಲಿ ಮೊಗ್ಗು.
ಒಂದೇ. ತುದಿಗೆ ಶಾಯಿ ತಾಗಿದಂತೆ ನೀಲಿ.
ಮೊಗ್ಗಿಗೆ ಖಾನೆಯಿಲ್ಲ.
ಹೂವೆಂದರೆ ಸುಳ್ಳು, ಸೊನ್ನೆಯೆಂದರೂ ಸುಳ್ಳು.
ಜಾಗ ಖಾಲಿ ಬಿಟ್ಟೆ. ಮಡಿಕೇರಿಯಿಂದ ಫೋನು ಬರಲಿ.

ಮೆಣಸು ಚೀಲಕ್ಕೆ ಸುರಿದು ಒಂದು ಪೆಟ್ಟಿಗೆ ತೊಳೆಯಬೇಕು,
ಮೇಣ ಎಲ್ಲಿ ಸಿಗುತ್ತದೆ ಕೇಳಬೇಕು.
'ಪೊನ್ನು, ಆ ನೊರಜು ಏನಾಯಿತು?'
'ಎಲೆ ಮುಚ್ಚಿತಕ್ಕ. ಒಂದು ಕಾಲು ಇನ್ನೂ ಹೊರಗಿದೆ.'